ಹುಲಿಗೇಶನ ತಾಟು

“ಯಾರನ್ನ ಕೇಳಿ ನನ್ನ ಹೆಸರು ಬರದಿ? ಹೇಳ ಬೇ. ಯಾರನ್ನ ಕೇಳಿ?”

ಕೈಯೆಲ್ಲ ಹಿಟ್ಟಾಗಿತ್ತು. ಹಂಚು ಕಾದು ಹೊಗೆ ಏಳುತ್ತಿತ್ತು. ನಾನು ಕೂತಲ್ಲಿಂದಲೇ ಕೂಗುತ್ತಿದ್ದೆ. ಜಹೀರಾ ಅಡುಗೆಮನೆಯ ಹೊಸ್ತಿಲಲ್ಲಿ ಮೊಬೈಲು ಹಿಡಿದು ನಿಂತಿದ್ದಳು.

“ಕೇಳಿದ್ರ ಒಲ್ಲೆ ಅಂತಿದ್ರಿ,” ಅಂದಳು.

“ಈಗೂ ಒಲ್ಲೆ. ಹುಡುಗೂರನ್ನ ನೋಡಿಕೊಳ್ಳೂದು ಕಲ್ಯಾಕ ಎಂ.ಎ. ಅಂತ. ಎರಡು ವರ್ಷದ್ದಂತ. ಹದಿನಾಲ್ಕು ವರ್ಷ ಆತು, ನೂರಾ ಹತ್ತು ಹುಡುಗ್ಯಾರಿಗೆ ರೊಟ್ಟಿ ಬಡದು ಹಾಕಾಕತ್ತೀನಿ. ನನಗ ಯಾವ ಯುನಿವರ್ಸಿಟಿ ಕಲಿಸಿತ್ತು?”

“ನೀವು ಬರದ ದೂರು ಇನ್ನೂ ನನ್ನ ಫೈಲಿನ್ಯಾಗ ಐತ್ರಿ.” ಆಕೆಯ ದನಿ ಏರಿತ್ತು. ಎರಡು ವರ್ಷದಲ್ಲಿ ಆಕೆ ನನಗೆ ಎದುರಾಡಿದ್ದು ಅದೇ ಮೊದಲು. “ಅದನ್ನ ನೋಡಿ ಪ್ರಿನ್ಸಿಪಾಲ್ ಸರ್ ನನಗ ಪತ್ರಾ ಕೊಡವಲ್ರು. ಇವತ್ತ ಐದಕ್ಕ ಅರ್ಜಿ ಬಂದ್ ಆಕ್ಕೈತಿ. ನನ್ನ ಕಾಲು ಮುರದವರೂ ನೀವ, ಕುಂಟಿ ಎಲ್ಲಿಗೆ ಹೊಂಟಾಳ ಅನ್ನವರೂ ನೀವ.”

ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಅದನ್ನು ತೆಗೆದು ಬೂದಿಗೆ ಒಗೆದೆ.

ಅಣ್ಣಿಗೇರಿಯ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ಅಡುಗೆಯವಳು. ಊರು ಗುಡಗೇರಿ, ಹೆಸರು ಸುಶೀಲವ್ವ, ಕಲಿತದ್ದು ಊರ ಸಾಲಿಯಲ್ಲಿ ಏಳನೇ ಇಯತ್ತೆಯ ತನಕ. ಜಹೀರಾ ಸಹಾಯಕ ವಾರ್ಡನ್. ನವಲಗುಂದದ ಜಮಖಾನೆ ನೇಯುವ ಮನೆಯ ಹುಡುಗಿ, ಇಪ್ಪತ್ನಾಲ್ಕರ ಪ್ರಾಯ, ಬಿ.ಎ. ಮುಗಿಸಿ ಬಂದವಳು. ಪುಣೆಯ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಕಾಲೇಜು ವಿದ್ಯಾರ್ಥಿಗಳ ಕ್ಷೇಮಪಾಲನೆ ಎಂಬ ಎಂ.ಎ. ಇದೆಯಂತೆ. ಅದಕ್ಕೆ ಅರ್ಜಿ ಹಾಕುವವರು ಎರಡು ಪತ್ರ ಕೊಡಬೇಕು. ಒಂದು, ಸಂಸ್ಥೆಯ ಮುಖ್ಯಸ್ಥರದು. ಇನ್ನೊಂದು, ಅರ್ಜಿದಾರರು ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುವುದನ್ನು ದಿನಾಲು ಕಣ್ಣಾರೆ ಕಂಡವರದು. ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಆ ಎರಡನೆಯ ಜಾಗದಲ್ಲಿ ಆಕೆ ನನ್ನ ಹೆಸರು ತುಂಬಿದ್ದಳು.

“ಕಾಲೇಜಿನ್ಯಾಗ ಮೇಡಂಗಳು ಅದಾರ. ನನ್ನ ಹೆಸರ ಯಾಕ?” ಅಂದೆ.

“ನನ್ನ ದಿನಾ ನೋಡಿದವರು ನೀವ ಒಬ್ಬರು. ಬೈಕೋತ ನೋಡೀರಿ, ಖರೆ. ಆದ್ರ ನೋಡೀರಿ.”

ನೇರ ಮಾತು ಕೇಳಿದರೆ ನನಗೆ ಸಿಟ್ಟು ಇನ್ನೂ ಹೆಚ್ಚುತ್ತದೆ. ದೂರು ಬರೆದದ್ದು ನಿಜ. ಆದರೆ ಅದರಲ್ಲಿ ಬರೆದದ್ದು ಕೆಲಸದ ಮಾತು, ಹೊಟ್ಟೆಕಿಚ್ಚಿನದಲ್ಲ. ಅದೊಂದು ಚೀಟಿಗೆ ಒಬ್ಬಳ ಓದು ನಿಲ್ಲಿಸುವ ಪ್ರಿನ್ಸಿಪಾಲರು ಎಂಥವರು, ನೋಡಿಯೇ ಬಿಡೋಣ ಎಂದು ಎದ್ದೆ. ಕೈ ತೊಳೆದೆ. ಆಕೆಯ ರಟ್ಟೆ ಹಿಡಿದುಕೊಂಡು ಆಫೀಸಿಗೆ ನಡೆದೆ.

ಆ ದೂರಿನ ಸಂಗತಿ ಇಷ್ಟು. ನಮ್ಮ ಹಾಸ್ಟೆಲಿನಲ್ಲಿ ಹುಡುಗಿಯರು ಊಟದ ತಾಟನ್ನು ಮನೆಯಿಂದಲೇ ತರಬೇಕು. ಯಾರೂ ಹೊಸದು ಕೊಳ್ಳುವುದಿಲ್ಲ. ನಮ್ಮ ಕಡೆ ಎಲ್ಲರ ಅಟ್ಟದ ಮೇಲೂ ಮದುವೆಯಲ್ಲಿ ಆಯೇರ ಬಂದ ಸ್ಟೀಲು ತಾಟುಗಳಿರುತ್ತವೆ. ಅಂಚಿನಲ್ಲಿ ಕೊಟ್ಟವರ ಹೆಸರು ಕೊರೆದಿರುತ್ತದೆ. ಹೀಗಾಗಿ ನೂರಾ ಹತ್ತು ಹುಡುಗಿಯರ ತಾಟುಗಳ ಮೇಲೆ ಅವರ ಸೋದರಮಾವಂದಿರ, ಊರ ಹಿರಿಯರ, ಕಿರಾಣಿ ಅಂಗಡಿಯವರ ಹೆಸರುಗಳು. ವರ್ಷ ವರ್ಷ ಬದಲಾಗುವ ಹುಡುಗಿಯರ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಒಂದೇ ವರ್ಷದಲ್ಲಿ ನಾಲ್ಕು ಮಂದಿ ಐಶ್ವರ್ಯ ಇರುತ್ತಾರೆ. ತಾಟು ಮಾತ್ರ ದಿನಕ್ಕೆರಡು ಸಲ ಕೈಗೆ ಬರುತ್ತದೆ. ಅದಕ್ಕೇ ನಾನು ತಾಟಿನ ಹೆಸರಿನಿಂದಲೇ ಕರೆಯುತ್ತೇನೆ. “ಏ ಮಲಕಪ್ಪ, ಇನ್ನೊಂದು ರೊಟ್ಟಿ ಹಾಕ್ಕೊ. ಭರಮಪ್ಪ, ನಿನ್ನ ಜಡಿ ಸಾರಿನ್ಯಾಗ ಬೀಳಾಕತ್ತೈತಿ ನೋಡು.” ಹುಡುಗಿಯರಿಗೂ ರೂಢಿಯಾಗಿದೆ. ನಗುತ್ತ ಬರುತ್ತಾರೆ.

ಮೊದಲು ಅವರು ತಾಟುಗಳನ್ನು ಖೋಲಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಜಹೀರಾ ಬಂದ ವರ್ಷ ಅಡುಗೆಮನೆಯ ಬಾಗಿಲ ಬಾಜು ಒಂದು ಕಟ್ಟಿಗೆಯ ಸ್ಟ್ಯಾಂಡು ಮಾಡಿಸಿ, ಎಲ್ಲ ತಾಟು ಅಲ್ಲೇ ಇರಬೇಕೆಂದು ಹಟ ಹಿಡಿದಳು. ನನಗೆ ಓಡಾಡಲು ಜಾಗ ಕಡಿಮೆಯಾಯಿತು. ತಿಂಗಳುಗಟ್ಟಲೆ ಬೈದೆ. ಸಂಜೆ ಆರು ಮುಕ್ಕಾಲಿಗೆ, ಹುಡುಗಿಯರು ಸಾಲುಗಟ್ಟಿ ನಿಂತು ನನಗೆ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತಿಗೆ, ಈಕೆ ಆ ಸ್ಟ್ಯಾಂಡಿನ ಮುಂದೆ ಸುಮ್ಮನೆ ನಿಂತು ತಾಟು ನೋಡುವಳು. ಆಮೇಲೆ ಒಂದು ತಾಟಿನಲ್ಲಿ ಊಟ ಹಾಕಿಸಿಕೊಂಡು ಮೇಲಿನ ಮಾಳಿಗೆಗೆ ಹೋಗಿಬಿಡುವಳು. ಹೋದ ವರ್ಷದ ರೋಜಾ ತಿಂಗಳಲ್ಲಂತೂ ದಿನಾ ಒಂದು ತಾಸು ಪತ್ತೆಯಿರಲಿಲ್ಲ. ಉಪವಾಸ ಬಿಡಲು ಹೋಗುತ್ತಾಳೆ ಎಂದು ನಾಲ್ಕು ದಿನ ಸುಮ್ಮನಿದ್ದೆ. ಉಪವಾಸ ಬಿಡಲು ಒಂದು ತಾಸು ಯಾಕೆ ಬೇಕು? ಹತ್ತನೆಯ ದಿನ ಹಾಳೆ ತಗೊಂಡು ಬರೆದೇಬಿಟ್ಟೆ. ಆಗಿನ ಪ್ರಿನ್ಸಿಪಾಲರು ಆಕೆಯನ್ನು ಕರೆದು ತಾಕೀತು ಮಾಡಿದರು. ಆಕೆ ಮರುದಿನವೂ ಹೋದಳು.

ಆ ಪ್ರಿನ್ಸಿಪಾಲರು ಮೇ ತಿಂಗಳಲ್ಲಿ ನಿವೃತ್ತರಾದರು. ಈಗಿನವರು ಕಾಶಿನಾಥ ಸರ್. ಧಾರವಾಡದಿಂದ ಬಂದವರು, ಮೆತ್ತಗಿನ ಮನುಷ್ಯ.

ನಮ್ಮಿಬ್ಬರನ್ನೂ ಕಂಡು ಅವರು ಪೆನ್ನು ಕೆಳಗಿಟ್ಟರು. ಒಂದು ದೂರಿಗೆ ಪತ್ರ ನಿಲ್ಲಿಸುತ್ತೀರೇನು, ಕೆಲಸದಲ್ಲಿ ನೂರು ಮಾತು ಬರುತ್ತವೆ, ನಾನೇ ಬರೆದವಳು ನಾನೇ ಹೇಳುತ್ತೇನೆ ಬಿಟ್ಟುಬಿಡಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಜಹೀರಾಳ ಮುಖ ನೋಡಲಿಲ್ಲ. ಇಂಥ ಮಾತು ಹೆಣ್ಣುಮಗಳ ಎದುರಿಗೆ ಹೇಗೆ ಆಡುವುದು ಎಂದು ಮೊನ್ನೆಯಿಂದ ಸಂಕೋಚಪಟ್ಟು ಕೂತಿದ್ದೇನೆ ಅಂದರು. ಏನಂಥ ಮಾತು, ಓದಿರಿ ಅಂದೆ. ಅವರು ಫೈಲು ಬಿಚ್ಚಿ ಓದಿದರು.

“ಸಹಾಯಕ ವಾರ್ಡನ್ ಜಹೀರಾ ಇವರು ದಿನಾಲು ಸಂಜಿ ಊಟ ಬಡಿಸುವ ಹೊತ್ತಿನಲ್ಲಿ ಕೆಲಸ ಬಿಟ್ಟು ಹುಲಿಗೇಶನ ಖೋಲಿಗೆ ಹೋಗಿ ಒಂದು ತಾಸು ಕೂಡ್ರುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಇದನ್ನು ಬಂದ್ ಮಾಡಿಸಬೇಕು.”

ಓದಿ ಮುಗಿಸಿ, ಹುಲಿಗೇಶ ಯಾರು ಎಂದು ನನ್ನನ್ನೇ ಕೇಳಿದರು.

“ಮ್ಯಾಲಿನ ಮಾಳಿಗಿ, ಮೂರನೇ ಖೋಲಿರಿ.”

“ಹೆಣ್ಣುಮಕ್ಕಳ ಹಾಸ್ಟೆಲಿನ್ಯಾಗ?”

“ಹೌದ್ರಿ. ಬಿ.ಎ. ಎರಡನೇ ವರ್ಷ. ಛಲೋ ಹುಡುಗಿರಿ ಹುಲಿಗೇಶ.”

ಜಹೀರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಗ ನನಗೆ ತಿಳಿಯಿತು. ಒಂಬತ್ತು ತಿಂಗಳು ಆ ಹಾಳೆ ಈ ಹುಡುಗಿಯ ಹೆಸರಿನ ಫೈಲಿನಲ್ಲಿ ಕೂತಿತ್ತು, ನನ್ನ ಕೈಬರಹದಲ್ಲಿ. ಹಳೆಯ ಪ್ರಿನ್ಸಿಪಾಲರು ಎಷ್ಟೋ ಸಲ ನಮ್ಮ ಜೊತೆ ಉಂಡವರು. ಹುಲಿಗೇಶ ಎಂದರೆ ಒಂದು ತಾಟು ಎಂಬುದು ಅವರಿಗೆ ಗೊತ್ತಿತ್ತು. ಇವರಿಗೆ ಹೇಗೆ ಗೊತ್ತಾಗಬೇಕು?

ನಾನು ಓಡಿದೆ. ಸ್ಟ್ಯಾಂಡಿನಿಂದ ಆ ತಾಟು ಹಿರಿದುಕೊಂಡು ಬಂದು ಅವರ ಮೇಜಿನ ಮೇಲೆ ಕುಕ್ಕಿದೆ. ಶ್ರೀ ಹುಲಿಗೇಶ, ಯರಗುಪ್ಪಿ, ಎಂದು ಅಂಚಿನಲ್ಲಿ ಕೊರೆದಿತ್ತು. “ಇವನ ನೋಡ್ರಿ ಹುಲಿಗೇಶ,” ಅಂದೆ. ತಾಟಿನ ಪದ್ಧತಿ ವಿವರಿಸಿದೆ. ಅವರು ತಾಟನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲಸ ಬಿಟ್ಟು ಹೋಗಿದ್ದಂತೂ ನಿಜ ತಾನೆ, ದಿನಾ ಒಂದು ತಾಸು ಆ ಖೋಲಿಯಲ್ಲಿ ಏನು ಕೆಲಸವಿತ್ತು ಎಂದು ಅವರು ಜಹೀರಾಳನ್ನು ಕೇಳಿದರು. ಕಾರಣ ಹೇಳಿದರೆ ಅದನ್ನೇ ಪತ್ರದಲ್ಲಿ ಬರೆಯುತ್ತೇನೆ ಅಂದರು.

“ಅದು ಆ ಹುಡುಗಿ ಮಾತ್ರಿ. ಆಕಿ ಹೇಳಿದ್ರ ಹೇಳ್ಲಿ. ನಾ ಹೇಳಾಂಗಿಲ್ಲ.”

ಕಾರಣವಿಲ್ಲದೆ ತಾನು ಏನೂ ಬರೆಯಲಾಗದು, ಎರಡು ವರ್ಷ ಇಲ್ಲಿ ಕೆಲಸ ಮಾಡಿದ್ದಾಳೆ ಎಂಬ ಒಂದು ಸಾಲು ಬೇಕಾದರೆ ಕೊಡುತ್ತೇನೆ ಅಂದರು. ಆ ಒಂದು ಸಾಲಿಗೆ ಯಾರೂ ಸೀಟು ಕೊಡುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಜಹೀರಾ ಕೈ ಮುಗಿದು ಹೊರಗೆ ಬಂದಳು. ಪಡಸಾಲೆಯಲ್ಲಿ ನಾನು ಆಕೆಯ ಮೇಲೆ ಹರಿಹಾಯ್ದೆ. ಬಾಯಿ ಬಿಟ್ಟು ಎರಡು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು, ಎಂ.ಎ. ಬೇಕೋ ಮೂಗಬಸವಿಯಾಗಿ ಇಲ್ಲೇ ಕೊಳೆಯಬೇಕೋ ಎಂದು ಕೇಳಿದೆ. ಊಟದ ಗಂಟೆ ಹೊಡೆಯುವ ಹೊತ್ತಾಯಿತು ಅಂದಳು. ಅಷ್ಟೇ. ಹೋಗಿ ಗಂಟೆ ಹೊಡೆದಳು.

ಮಧ್ಯಾಹ್ನ ಬದನೆಕಾಯಿ ಪಲ್ಯ ಬಡಿಸುತ್ತಿದ್ದೆ. ಸುನಿತಾ ಎಂಬ ಹುಡುಗಿ ಬರಿಗೈಲಿ ಬಂದು ನಿಂತಳು. ತನ್ನ ತಾಟು ಸ್ಟ್ಯಾಂಡಿನಲ್ಲಿಲ್ಲ, ನೀವು ಅದನ್ನು ಹಿಡಿದು ಆಫೀಸಿನ ಕಡೆ ಓಡಿದ್ದನ್ನು ಕಂಡವರಿದ್ದಾರೆ, ಯಾಕೆ ಎಂದು ಕೇಳಿದಳು. ಈಕೆಯೇ ನನ್ನ ಹುಲಿಗೇಶ. ಆಕೆಯನ್ನು ಒಳಗೆ ಕರೆದು ನನ್ನದೇ ತಾಟಿನಲ್ಲಿ ಊಟ ಹಾಕಿಕೊಟ್ಟೆ. ಬೆಳಗಿನ ಸಂಗತಿ ಹೇಳಿದೆ. ಆಕೆ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದಳು. ಆಮೇಲೆ ತಾನೇ ಹೇಳತೊಡಗಿದಳು.

ಹೋದ ವರ್ಷ ಮೊದಲ ಪರೀಕ್ಷೆಯಲ್ಲಿ ಮೂರು ವಿಷಯ ಹೋಗಿದ್ದವು. ಮಗಳು ಸಾಲಿ ಟೀಚರ್ ಆಗುತ್ತಾಳೆ ಎಂದು ಅಪ್ಪ ಯರಗುಪ್ಪಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಊರಿಗೆ ಹೋಗುವ ಮುಖವಿರಲಿಲ್ಲ, ಇಲ್ಲಿರುವ ಮನಸ್ಸಿರಲಿಲ್ಲ. ಬೆಳಗಿನ ಚಹಾ, ಮಧ್ಯಾಹ್ನದ ಒಂದೆರಡು ತುತ್ತು ಬಿಟ್ಟರೆ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಸಂಜೆ ಎಲ್ಲರೂ ಊಟಕ್ಕೆ ಇಳಿದ ಮೇಲೆ ಒಳಗಿನಿಂದ ಅಗಳಿ ಹಾಕಿಕೊಂಡು ಮಲಗುವಳು. ಆಗ ಏನೇನು ವಿಚಾರ ತಲೆಗೆ ಬರುತ್ತಿದ್ದವು ಎಂಬುದನ್ನು ಆಕೆ ಹೇಳಲಿಲ್ಲ. ಮೊದಲ ದಿನ ಜಹೀರಾ ಬಾಗಿಲು ಬಡಿದಾಗ, ಹೋಗಿರಿ ಎಂದು ಕೂಗಿದಳು. ಆಕೆ ಮತ್ತೆ ಬಡಿಯಲಿಲ್ಲ. ಆದರೆ ಹೋಗಲೂ ಇಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ತಾಟಿನ ಅಂಚು ಕಾಣುತ್ತಿತ್ತು. ಮರುದಿನವೂ ಕಂಡಿತು. ಅದರ ಮರುದಿನವೂ. ಒಂದು ಮಾತಿಲ್ಲ, ಬುದ್ಧಿವಾದವಿಲ್ಲ, ಬಾಗಿಲು ತೆಗೆ ಎನ್ನುವುದಿಲ್ಲ. ಬರುವುದು, ಕೂಡುವುದು, ಒಂದು ತಾಸಾದ ಮೇಲೆ ಏಳುವುದು. ಹೀಗೆ ಹನ್ನೊಂದು ದಿನ.

“ಹನ್ನೆರಡನೇ ದಿನಾ ನಾ ಬಾಗಲಾ ತಗದೆ, ದೊಡ್ಡವ್ವ,” ಅಂದಳು ಸುನಿತಾ. “ಹಸಿದು ತಗೀಲಿಲ್ಲ. ಹೊರಗ ಯಾರೋ ಹಸಕೊಂಡು ಕುಂತಾರ ಅನ್ನೂದು ತಡಕೊಳ್ಳಾಕ ಆಗಲಿಲ್ಲ. ಆಕಿ ಮುಂದ ಒಂದು ಖರ್ಜೂರದ ಬೀಜ ಇತ್ತು. ತಾಟಿನ್ಯಾಗಿನ ಊಟ ಹಂಗ ಇತ್ತು.”

ಇದನ್ನು ಪ್ರಿನ್ಸಿಪಾಲರಿಗೆ ಬೇಕಾದರೆ ಹೇಳಿ, ನಿಮ್ಮ ಪತ್ರದಲ್ಲೂ ಬರೆಯಿರಿ, ನನ್ನ ಹೆಸರೊಂದು ಬರೆಯಬೇಡಿ ಎಂದು ಆಕೆ ತಾಟು ತೊಳೆದಿಟ್ಟು ಹೋದಳು.

ನಾನು ಪಾತ್ರೆಗಳನ್ನು ಹಾಗೇ ಬಿಟ್ಟು ಮೇಲಿನ ಮಾಳಿಗೆಗೆ ಹೋದೆ. ಹದಿನಾಲ್ಕು ವರ್ಷದಲ್ಲಿ ಆ ಮೆಟ್ಟಿಲು ನಾನು ಹತ್ತು ಸಲವೂ ಹತ್ತಿದವಳಲ್ಲ. ಮೂರನೇ ಖೋಲಿಯ ಬಾಗಿಲು ಮುಚ್ಚಿತ್ತು. ಅದರೆದುರಿಗೆ ಗೋಡೆಗೆ ಬೆನ್ನು ಕೊಟ್ಟು ಕೂತೆ. ಕಿಟಕಿಯಿಲ್ಲ. ಬಾಗಿಲ ಹಸಿರು ಬಣ್ಣ ಬಿಟ್ಟರೆ ನೋಡಲು ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಗಿಗೆ ವಾಸನೆ ಬಂತು. ಕೆಳಗೆ ಹಂಚಿನ ಬಾಜು ಪೇರಿಸಿಟ್ಟು ಬಂದಿದ್ದ ನನ್ನ ರೊಟ್ಟಿಗಳದು. ಮೆಟ್ಟಿಲ ಸಂದಿಯಿಂದ ಹೊಗೆ ಏರುವಂತೆ ನೇರ ಅಲ್ಲಿಗೇ ಏರುತ್ತಿತ್ತು. ಬೆಳಗಿನಿಂದ ಒಂದು ಹನಿ ನೀರು ಕುಡಿಯದ ಹುಡುಗಿ ಬರಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಈ ವಾಸನೆಯೊಳಗೆ ಹನ್ನೆರಡು ಸಂಜೆ ಕೂತಿದ್ದಳು, ತುಂಬಿದ ತಾಟು ಮುಂದಿಟ್ಟುಕೊಂಡು. ಅದೇ ಹೊತ್ತಿಗೆ ಕೆಳಗೆ ನಾನು ಒಂದೊಂದು ರೊಟ್ಟಿಗೆ ಒಂದೊಂದು ಬೈಗುಳ ಸೇರಿಸಿ ಬಡಿಯುತ್ತಿದ್ದೆ. ಕೆಲಸ ಮಾಡುತ್ತಿದ್ದವಳು ನಾನು, ಕೆಲಸ ಬಿಟ್ಟವಳು ಆಕೆ ಎಂದು ತಿಳಿದಿದ್ದೆ.

ನಾನು ಮಠಗಳಿಗೆ ಹೋದವಳು, ದೊಡ್ಡವರ ಪಾದ ಮುಟ್ಟಿದವಳು. ಆದರೆ ಆ ಬಣ್ಣ ಹೋದ ಬಾಗಿಲ ಮುಂದೆ ನಾನು ಕೈ ಮುಗಿದದ್ದು ಯಾಕೆಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಕೆಳಗೆ ಜಹೀರಾ ನಾನು ಬಿಟ್ಟುಹೋದ ಪಾತ್ರೆ ತಿಕ್ಕುತ್ತಿದ್ದಳು. ನನಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿಮಗ ಹೇಳಿದ್ರ ರೊಟ್ಟಿ ಹಿಡಕೊಂಡು ಬಂದು ಬಾಗಲಾ ಒದೀತಿದ್ರಿ.”

ಸುಳ್ಳಲ್ಲ. ಒದೆಯುತ್ತಿದ್ದೆ.

“ಎಲ್ಲಾ ನಿನಗ ಬರತೈತಲ್ಲ. ಇನ್ನ ಏನು ಕಲ್ಯಾಕ ಹೋಗ್ತಿ?”

ಆಕೆ ತಿಕ್ಕುವುದನ್ನು ನಿಲ್ಲಿಸಿದಳು. “ಬಾಗಲಾ ತಗಸೂದು ಬರತೈತ್ರಿ, ಅವ್ವಾರ. ತಗದ ಮ್ಯಾಲ ಏನು ಮಾತಾಡಬೇಕು ಅಂತ ನನಗ ತಿಳೀಲಿಲ್ಲ. ಆಕಿ ಬಾಗಲದಾಗ ನಿಂತಿದ್ಲು, ನಾ ಅಳಕೋತ ಕುಂತಿದ್ದೆ. ಆಕಿ ಪುಣ್ಯಾ, ಉಂಡ್ಲು. ಇನ್ನೊಬ್ಬಾಕಿ ಉಣ್ಣಲಿಲ್ಲಂದ್ರ? ಅದನ್ನ ಕಲ್ಯಾಕ ಹೊಂಟೀನಿ.”

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಹಿಟ್ಟಿನ ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯಲು ಕೂತೆ. ಮೂರು ಹಾಳೆ ಹರಿದೆ. ನಾಲ್ಕನೆಯದು ನಿಂತಿತು.

“ನಾನು ಈ ಹುಡುಗಿಯ ಮೇಲೆ ಒಂದು ದೂರು ಬರೆದವಳು. ಅದನ್ನೂ ಇದರ ಜೊತೆ ಕಳಿಸಿದ್ದೇನೆ. ಓದಿರಿ. ಹುಲಿಗೇಶ ಎಂಬುದು ಒಂದು ಊಟದ ತಾಟು. ಈಕೆಗೆ ಸಾರಿಗೆ ಉಪ್ಪು ಹಾಕಲು ಬರುವುದಿಲ್ಲ. ಗಟ್ಟಿಯಾಗಿ ಮಾತಾಡಲು ಬರುವುದಿಲ್ಲ. ನೂರಾ ಹತ್ತು ತಾಟಿನೊಳಗೆ ಯಾವುದು ಒಣಗಿದೆ ಎಂದು ಒಂದೇ ನೋಟದಲ್ಲಿ ತಿಳಿಯುತ್ತದೆ. ಉಂಡವರು ತಾಟು ತೊಳೆದು ಹಸಿಯಾಗೇ ಇಡುತ್ತಾರೆ, ತಾಟು ಒಣಗಿದ್ದರೆ ಆ ಹುಡುಗಿ ಉಂಡಿಲ್ಲ. ಉಣ್ಣದವಳ ಬಾಗಿಲ ಮುಂದೆ ಈಕೆ ಹನ್ನೆರಡು ದಿನ ತಾನೂ ಉಣ್ಣದೆ ಕೂತಳು. ನಾನು ಹದಿನಾಲ್ಕು ವರ್ಷ ಉಣಿಸಿದ್ದೇನೆ, ಯಾರು ಉಣ್ಣಲಿಲ್ಲ ಎಂದು ಒಂದು ದಿನವೂ ನೋಡಿಲ್ಲ. ನೀವು ಈಕೆಗೆ ಏನು ಕಲಿಸುತ್ತೀರೋ ನನಗೆ ಗೊತ್ತಿಲ್ಲ. ಈಕೆ ಏನು ಕೇಳಲು ಬರುತ್ತಿದ್ದಾಳೆ ಎಂಬುದು ಈಕೆಗೆ ಗೊತ್ತಿದೆ.”

ಕೆಳಗೆ ಸಹಿ ಮಾಡಿ, ಏಳನೇ ಇಯತ್ತೆ ಪಾಸು ಎಂದೂ ಬರೆದೆ. ಮುಚ್ಚಿಡುವುದೇನಿದೆ?

ಕಾಶಿನಾಥ ಸರ್ ಅದನ್ನು ನಿಂತೇ ಓದಿದರು. ಆಮೇಲೆ ಕೂತು ಇನ್ನೊಮ್ಮೆ ಓದಿದರು. ಅಡುಗೆಮನೆಯ ತನಕ ನಡೆದು ಬಂದು ಆ ಕಟ್ಟಿಗೆಯ ಸ್ಟ್ಯಾಂಡಿನ ಮುಂದೆ ಕೈ ಕಟ್ಟಿಕೊಂಡು ನಿಂತರು, ಗುಡಿಯಲ್ಲಿ ನಿಲ್ಲುವ ಹಾಗೆ. ವಾಪಸು ಹೋಗಿ ತಮ್ಮ ಪತ್ರ ತಾವೇ ಕೈಯಿಂದ ಬರೆದರು. ನಾಲ್ಕು ಮುಕ್ಕಾಲಿಗೆ ಎರಡೂ ಪತ್ರ, ಮತ್ತು ಆ ದೂರು, ಜಹೀರಾಳ ಮೊಬೈಲಿನಿಂದ ಹೋದವು. ಅಷ್ಟರಲ್ಲಿ ಎರಡು ಸಲ ನೆಟ್‌ವರ್ಕ್ ಹೋಗಿ ನನ್ನ ಬಾಯಿಂದ ಬರಬಾರದ ಮಾತೆಲ್ಲ ಬಂದವು, ಅದನ್ನು ಇಲ್ಲಿ ಬರೆಯುವುದಿಲ್ಲ.

ಏಪ್ರಿಲಿನಲ್ಲಿ ಕರೆ ಬಂತು. ಸಂದರ್ಶನದಲ್ಲಿ ಮೊದಲು ಕೇಳಿದ ಪ್ರಶ್ನೆಯೇ, ಆ ತಾಟು ಈಗಲೂ ಇದೆಯೇ ಎಂದು. ಸೀಟು ಸಿಕ್ಕಿತು. ಅಲ್ಲಿಯೇ ಒಂದು ಹಾಸ್ಟೆಲಿನಲ್ಲಿ ಕೆಲಸವನ್ನೂ ಕೊಟ್ಟರು, ಓದಿನ ಜೊತೆಗೇ ಮಾಡಲು.

ಜುಲೈ ತಿಂಗಳ ಒಂದು ಸಂಜೆ ಆಕೆ ಹೊರಟಳು. ಏಳೂವರೆಯ ಹುಬ್ಬಳ್ಳಿ ಬಸ್ಸು. ಹೆಗಲಿಗೆ ಒಂದು ಚೀಲ, ಕಂಕುಳಲ್ಲಿ ಅವಳ ತಾಯಿ ನೇಯ್ದ ಜಮಖಾನೆಯ ಸುರುಳಿ. ಊಟದ ಸಾಲು ಅರ್ಧ ಮುಗಿದಿತ್ತು. ಎಲ್ಲರಿಗೂ ಹೇಳಿ, ನನಗೆ ಹೇಳಲು ಅಡುಗೆಮನೆಗೆ ಬಂದವಳು ರೂಢಿಯಂತೆ ಸ್ಟ್ಯಾಂಡಿನ ಮುಂದೆ ನಿಂತುಬಿಟ್ಟಳು. ನಾನೂ ನೋಡಿದೆ. ಮಲಕಪ್ಪನ ತಾಟು ಒಣಗಿತ್ತು. ನಿನ್ನೆಯೂ ಒಣಗಿತ್ತು.

ಆಕೆ ಚೀಲ ಕೆಳಗಿಳಿಸಲು ಹೋದಳು.

“ಇಳಸಬ್ಯಾಡ,” ಅಂದೆ. “ನನಗ ಕಾಣಸೈತಿ. ನೀ ನಡಿ.”

“ಮಾತಾಡಬ್ಯಾಡ್ರಿ ಅವ್ವಾರ. ಬೈಬ್ಯಾಡ್ರಿ. ಸುಮ್ನ ಕೂಡ್ರಿ.”

“ಗೊತ್ತೈತಿ. ನಡಿ ಬೇ, ಬಸ್ಸು ಹೊಕ್ಕೈತಿ.”

ಹಂಚಿನ ಕೆಲಸ ಬಾಜುವಿನ ಕೈಸಹಾಯದವಳಿಗೆ ಒಪ್ಪಿಸಿದೆ. ಆ ತಾಟಿಗೆ ಎರಡು ರೊಟ್ಟಿ, ಪಲ್ಯ ಹಾಕಿಕೊಂಡು ಮಲಕಪ್ಪನ ಖೋಲಿಯ ಕಡೆ ಮೆಟ್ಟಿಲು ಹತ್ತಿದೆ. ಮೆಟ್ಟಿಲ ತಿರುವಿನಲ್ಲಿ ಒಂದು ಸಣ್ಣ ಕಿಟಕಿ ಇದೆ. ಅಲ್ಲಿ ನಿಂತು ನೋಡಿದೆ. ಜಹೀರಾ ಅಂಗಳ ದಾಟಿದಳು, ಗೇಟು ದಾಟಿದಳು, ರಸ್ತೆಯ ಆಚೆ ಬಸ್ಸಿನ ದೀಪದ ಬೆಳಕಿನಲ್ಲಿ ಒಮ್ಮೆ ಕಂಡಳು. ಹೊರಳಿ ನೋಡಲಿಲ್ಲ. ಮತ್ತೆ ಈ ಹಾಸ್ಟೆಲಿಗೆ ಬರಲೂ ಇಲ್ಲ.